ಟ್ಯಾಂಕಿಗೆ ಇಳಿಯುವ ಮುಂಚೆ

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ಹೊಸ ಹಡಗಿನ ಸಮತೋಲನಕ್ಕೆ ನೀರು ತುಂಬುವ ಬ್ಯಾಲಾಸ್ಟ್ ಟ್ಯಾಂಕ್‌ಗಳಲ್ಲಿ ವೆಲ್ಡಿಂಗ್ ಶುರು. ಅಪಾಯದ ಪಟ್ಟಿಯನ್ನು ಈ ಸಲ ಆಫೀಸಿನಲ್ಲಿ ಕೂತು ತುಂಬುವುದು ಬೇಡ. ಹಳೆಯದನ್ನು ನಕಲು ಮಾಡಿ ಸಹಿ ಹಾಕಿದರೆ ಅದು ಸುಮ್ನೆ ಕಾಗದ, ಅಲ್ವಾ? ಫೋರ್‌ಮನ್, ವೆಲ್ಡರ್, ಹೆಲ್ಪರ್ ಮೂವರೂ ಜಾಗ ನೋಡಿ ಬರೆಯಿರಿ.

ಮೊದಲು ನೋಡಬೇಕಾದ್ದು ಗಾಳಿ. ಮುಚ್ಚಿಟ್ಟ ಟ್ಯಾಂಕಿನಲ್ಲಿ ತುಕ್ಕು ಹಿಡಿಯುತ್ತಾ ಆಮ್ಲಜನಕ ಕಡಿಮೆಯಾಗುತ್ತದೆ. ವಾಸನೆ ಇಲ್ಲ, ಗೊತ್ತೂ ಆಗುವುದಿಲ್ಲ. ವೆಲ್ಡಿಂಗಿಗೆ ಬಳಸುವ ಆರ್ಗಾನ್ ಅನಿಲ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಅದಕ್ಕೇ ಆಮ್ಲಜನಕ ಅಳೆಯುವ ಮೀಟರನ್ನು ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಹಿಡಿಯಿರಿ. ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ ಇದ್ದರೆ ಇಳಿಯಬೇಡಿ. 22 ದಾಟಿದರೂ ಬೇಡ, ಒಂದು ಕಿಡಿಗೆ ಬಟ್ಟೆ ಭಗ್ಗನೆ ಹತ್ತಿಕೊಳ್ಳುತ್ತದೆ.

ಊಟಕ್ಕೆ ಹೋಗುವಾಗ ಗ್ಯಾಸ್ ಪೈಪ್ ಹೊರಗೆಳೆದು ಸಿಲಿಂಡರ್ ಬಂದ್ ಮಾಡಿ. ಹೋದ ವಾರ ಎರಡು ಸಲ ಒಳಗೇ ಬಿದ್ದಿತ್ತು, ನಾನೇ ನೋಡಿದ್ದೇನೆ.

ಮ್ಯಾನ್‌ಹೋಲ್ ಬಳಿ ಒಬ್ಬರು ಇರಲೇಬೇಕು. ಒಳಗಿನವರು ಕುಸಿದರೆ ಕೂಗಿ ಜನ ಕರೆಯಿರಿ, ನೀವೇ ಧುಮುಕಬೇಡಿ. ಇಂಥ ಕಡೆ ಕಾಪಾಡಲು ಹೋದವರೇ ಎಷ್ಟೋ ಸಲ ಸತ್ತಿದ್ದಾರೆ.

ಅಟ್ಟಣಿಗೆ ಪರೀಕ್ಷೆ ಎಂದಿನಂತೆ. ಶನಿವಾರ ಬೆಳಿಗ್ಗೆ 8ಕ್ಕೆ ಹಡಗು ನೀರಿಗಿಳಿಸುವ ಸ್ಲಿಪ್‌ವೇ ಹತ್ತಿರ ಸೇರೋಣ. ಮೀಟರ್ ಚಾರ್ಜ್ ಮಾಡಿ ತನ್ನಿ.