ರೆಡ್‌ವುಡ್ ಕಾಡಿಗೆ ಹೋಗುವವನಿಗೆ

ಪ್ರಿಯ ಪ್ರಕಾಶ,

ಜುಲೈನಲ್ಲಿ ನೀನೂ ಅತ್ತಿಗೆಯೂ ಅಮೆರಿಕದಲ್ಲಿರುವ ಮಗಳ ಮನೆಗೆ ಹೊರಟಿದ್ದೀರಿ ಅಂತ ತಿಳಿದು ಖುಷಿಯಾಯಿತು. ಗೋಲ್ಡನ್ ಗೇಟ್, ಲಾಸ್ ವೇಗಸ್ ಎಲ್ಲ ಹೇಗೂ ಅವಳೇ ತೋರಿಸುತ್ತಾಳೆ. ಆದರೆ ನೀವಿಬ್ಬರೇ ಒಂದು ಕಾರು ಬಾಡಿಗೆಗೆ ತೆಗೆದುಕೊಂಡು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರಕ್ಕೆ, ರೆಡ್‌ವುಡ್ ಅನ್ನುವ ಭಾರೀ ಎತ್ತರದ ಮರಗಳ ಕಾಡಿಗೆ ಹೋಗಿಬನ್ನಿ ಮಾರಾಯ. ನಾನೂ ಸುಧಾನೂ ಹೋಗಿದ್ದೆವು. ಗಾಡಿ ಓಡಿಸಿದ್ದು ಅವಳು. ಗೋರೆಗಾಂವ್‌ನಿಂದ ಅಂಧೇರಿಗೆ ದಿನಾ ಓಡಿಸುವವಳಿಗೆ ಅಲ್ಲಿನ ರಸ್ತೆ ಯಾವ ಲೆಕ್ಕ!

101ನೇ ಹೆದ್ದಾರಿಯಲ್ಲೇ ಹೋದರೆ ಏನೂ ಕಾಣುವುದಿಲ್ಲ. ಫಿಲಿಪ್ಸ್‌ವಿಲ್ ಹತ್ತಿರ ಅದನ್ನು ಬಿಟ್ಟು 254 ಅನ್ನುವ ಹಳೇ ರಸ್ತೆಗೆ ಇಳಿಯಬೇಕು. ಅದೇ ಅವೆನ್ಯೂ ಆಫ್ ದಿ ಜೈಂಟ್ಸ್. ಬರೀ 31 ಮೈಲಿ, ಅಂದರೆ ಸುಮಾರು 50 ಕಿಲೋಮೀಟರ್. ಪಕ್ಕದಲ್ಲೇ ಈಲ್ ನದಿ. ಒಂದು ಗಂಟೆಯಲ್ಲಿ ದಾಟಬಹುದು, ಆದರೆ ದಾಟಬೇಡ, ಇಡೀ ದಿನ ಇಟ್ಟುಕೋ. ಮರಗಳು ರಸ್ತೆಯ ಅಂಚಿಗೇ ಬಂದು ನಿಂತಿವೆ, ಕಾರಿನ ಕಿಟಕಿಯಿಂದ ಬುಡ ಮಾತ್ರ ಕಾಣುತ್ತದೆ, ತುದಿ ನೋಡಬೇಕಾದರೆ ಇಳಿದು ಕತ್ತು ನೋಯುವಷ್ಟು ಮೇಲೆ ನೋಡಬೇಕು. ಕೆಲವು ಮರ 350 ಅಡಿ ಮೀರಿವೆ. ನಮ್ಮ ಕಡೆಯ ಮೂವತ್ತು ಮಹಡಿ ಟವರ್‌ಗಿಂತ ಎತ್ತರ! ಇಷ್ಟು ದೊಡ್ಡ ಮರಕ್ಕೆ ಬೇರು ಮಾತ್ರ ಆಳಕ್ಕಿಲ್ಲ. ಅಗಲಕ್ಕೆ ಹರಡಿ ಪಕ್ಕದ ಮರಗಳ ಬೇರಿನ ಜೊತೆ ಹೆಣೆದುಕೊಳ್ಳುತ್ತದೆಯಂತೆ. ಬೇಸಿಗೆಯಲ್ಲಿ ಮಳೆ ಬಹಳ ಕಮ್ಮಿ, ಆಗ ಸಮುದ್ರದ ಕಡೆಯಿಂದ ಬರುವ ಮಂಜೂ ಇವಕ್ಕೆ ನೀರು ಕೊಡುತ್ತದೆ.

ಅದೇ ದಾರಿಯಲ್ಲಿ ಸಿಗುವ ಫೌಂಡರ್ಸ್ ಗ್ರೋವ್ ಅನ್ನುವ ತೋಪಿನಲ್ಲಿ ಇಳಿಯದೆ ಬರಬೇಡ. 1991ರಲ್ಲಿ ಬಿದ್ದ ಡೈಯರ್‌ವಿಲ್ ಜೈಂಟ್ ಅನ್ನುವ ದೈತ್ಯ ಮರ ಅಲ್ಲಿ ಹಾಗೇ ಮಲಗಿದೆ. ಅದರ ಬೇರಿನ ಪಕ್ಕ ನಿಂತ ಸುಧಾಳನ್ನು ಫೋಟೋದಲ್ಲಿ ಹುಡುಕಬೇಕು, ಅಷ್ಟು ಚಿಕ್ಕದಾಗಿ ಕಾಣುತ್ತಾಳೆ. ಯಾರೂ ಅದನ್ನು ಎತ್ತಿಲ್ಲ, ಕೊಯ್ದು ಮಾರಿಲ್ಲ. ಮೈಮೇಲೆ ಜರೀಗಿಡ, ಸಣ್ಣ ಸಸಿ ಬೆಳೆದಿವೆ.

ನನಗೆ ತಲೆಯಲ್ಲಿ ಉಳಿದದ್ದು ಮಾತ್ರ ಮಹನ್ ದಂಪತಿ. ಅವರ ಹೆಸರಿನ ಒಂದು ಫಲಕ ಅಲ್ಲೇ ಹತ್ತಿರದಲ್ಲಿದೆ, ಜನ ಅಲ್ಲಿಗೆ ಹೋಗುವುದು ಕಮ್ಮಿ. 1924ರಲ್ಲಿ ಮರದ ಕಂಪನಿಯವರು ಸದ್ದಿಲ್ಲದೆ ಕಡಿಯಲು ಶುರು ಮಾಡಿದಾಗ ಲಾರಾ ಮಹನ್ ಕೂಲಿಯವರ ಎದುರು ಹೋಗಿ ನಿಂತಳು. ಗಂಡ ಜೇಮ್ಸ್ ಕೋರ್ಟಿಗೆ ಓಡಿದ, ತಡೆ ತಂದ. ಆಮೇಲೆ ಚಂದಾ ಎತ್ತಿ, ದಾನ ಪಡೆದು, ತುಂಡು ತುಂಡಾಗಿ ಕಾಡು ಕೊಂಡರು. ಅದಕ್ಕೆ ಅಂತಲೇ 1918ರಲ್ಲಿ ಸೇವ್ ದಿ ರೆಡ್‌ವುಡ್ಸ್ ಲೀಗ್ ಅನ್ನುವ ಸಂಘ ಹುಟ್ಟಿತ್ತು. ಇಷ್ಟಾದರೂ ಹಳೇ ಕಾಡಿನಲ್ಲಿ ಈಗ ಉಳಿದಿರುವುದು ನೂರಕ್ಕೆ ಐದು ಪಾಲು. ಆ ಫಲಕ ಓದಿ ಸುಧಾ ‘ನಮ್ಮ ಆರೆಯಲ್ಲೂ ಜನ ಹೀಗೇ ನಿಂತಿದ್ದರು ಅಲ್ವಾ’ ಅಂದಳು. ನಿಂತಿದ್ದರು. ಮುಂಬೈನ ಆರೆ ಕಾಡಿನಲ್ಲಿ ಮೆಟ್ರೋ ಶೆಡ್‌ಗೆ ಅಂತ ಮರ ಕಡಿದಾಗ, 2019ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ತಡೆ ಬರುವಷ್ಟರಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಮರ ಉರುಳಿದ್ದವು. ರಾತ್ರಿ ಗರಗಸದ ಸದ್ದು ಕೇಳಿದ ನಮ್ಮ ಏರಿಯಾದವರಿಗೆ ಅದು ಇನ್ನೂ ನೆನಪಿದೆ.

ಮೈಯರ್ಸ್ ಫ್ಲಾಟ್‌ನಲ್ಲಿ ಮರದ ಹೊಟ್ಟೆಯೊಳಗೆ ಕಾರು ನುಗ್ಗಿಸುವ ಜಾಗ ಇದೆ, ದುಡ್ಡು ಕೊಟ್ಟು. ಎಲ್ಲರೂ ಹೋಗುತ್ತಾರೆ. ನನಗೆ ಅದು ಇಷ್ಟವಾಗಲಿಲ್ಲ, ಸುಧಾಗೆ ಮಜಾ ಬಂತು. ನೀನೇ ನೋಡಿಕೋ.

ಸ್ವೆಟರ್ ಇರಲಿ, ಜುಲೈ ಆದರೂ ಬೆಳಿಗ್ಗೆ ಚಳಿ. ಮೊಬೈಲ್ ಸಿಗ್ನಲ್ ನಂಬಬೇಡ, ಮ್ಯಾಪ್ ಮೊದಲೇ ಇಳಿಸಿಕೋ, ಇಲ್ಲದಿದ್ದರೆ ಅದು ಮತ್ತೆ ಮತ್ತೆ 101ಕ್ಕೇ ಎಳೆಯುತ್ತದೆ. ನಿಮ್ಮಂಥ ಸಸ್ಯಾಹಾರಿಗಳಿಗೆ ಆ ಸಣ್ಣ ಊರುಗಳಲ್ಲಿ ಊಟದ್ದೇ ಕಷ್ಟ, ಚಪಾತಿ, ಚಟ್ನಿಪುಡಿ ಕಟ್ಟಿಕೊಂಡೇ ಹೋಗಿ. ತಾರೀಕು ಗೊತ್ತಾದ ಕೂಡಲೇ ಹೇಳು, ನಾವು ಉಳಿದ ಜಾಗದ ವಿಳಾಸ ಸುಧಾ ಕಳಿಸುತ್ತಾಳೆ.

ನಿನ್ನ,
ರಮೇಶ
ಗೋರೆಗಾಂವ್, ಮುಂಬೈ