ಲಿನಕ್ಸ್ ಹಾಕುವ ಮೊದಲು ವೈಫೈ ಚಿಪ್ ಯಾವುದೆಂದು ನೋಡಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ‘ಹಳೇ ಕಂಪ್ಯೂಟರ್ ಎಸೆಯಬೇಡಿ, ವಿಂಡೋಸ್ ಬದಲಿಗೆ ಉಚಿತ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಹಾಕಿಕೊಳ್ಳಿ’ ಎಂಬ ಸಲಹೆ ತಂತ್ರಜ್ಞಾನ ಅಂಕಣಗಳಲ್ಲಿ ಮತ್ತೆ ಮತ್ತೆ ಕಾಣುತ್ತಿದೆ. ಸಲಹೆ ಸರಿಯೇ. ಆದರೆ ಪೆನ್‌ಡ್ರೈವ್ ಮಾಡಿ, ನೆಕ್ಸ್ಟ್ ನೆಕ್ಸ್ಟ್ ಒತ್ತಿ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅಗ್ಗದ ಯಂತ್ರ ಇಟ್ಟುಕೊಂಡವರು ಎಡವುವುದು ಆ ಅರ್ಧ ಗಂಟೆ ಕಳೆದ ಮೇಲೆ.

ಮೊದಲ ಪೆಟ್ಟು ವೈಫೈಗೆ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ರಿಯಲ್‌ಟೆಕ್ ಅಥವಾ ಬ್ರಾಡ್‌ಕಾಮ್ ಚಿಪ್ ಇರುವುದು ಸಾಮಾನ್ಯ. ಬ್ರಾಡ್‌ಕಾಮ್‌ನ ಹಲವು ಹಳೆಯ ಚಿಪ್‌ಗಳ ಡ್ರೈವರ್ (ಚಿಪ್ ನಡೆಸುವ ತಂತ್ರಾಂಶ) ಮುಕ್ತ ತಂತ್ರಾಂಶವಲ್ಲ, ಹಾಗಾಗಿ ಲಿನಕ್ಸ್‌ನ ತಿರುಳಾದ ಕರ್ನಲ್ ಜೊತೆಗೆ ಬರುವುದಿಲ್ಲ. ಬೇರೆಯಾಗಿ ಇಳಿಸಿಕೊಳ್ಳಬೇಕು. ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ಆ ಡ್ರೈವರೇ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು! ಇದಕ್ಕೆ ಸುಲಭದ ದಾರಿ ಆಂಡ್ರಾಯ್ಡ್ ಫೋನು. ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದೇ ತಿಳಿಯುತ್ತದೆ. ಆಮೇಲೆ ಲಿನಕ್ಸ್‌ನ ಒಂದು ಬಗೆಯಾದ ಮಿಂಟ್‌ನಲ್ಲಿ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ ಡ್ರೈವರ್ ಪಟ್ಟಿಯಲ್ಲೇ ಸಿಗುತ್ತದೆ. ಕೇವಲ ಫರ್ಮ್‌ವೇರ್ (ಚಿಪ್‌ನೊಳಗೇ ಓಡುವ ಪುಟ್ಟ ತಂತ್ರಾಂಶ) ಸಾಕಾಗುವ ಚಿಪ್‌ಗಳಿಗೆ ಇಷ್ಟು ಪಾಡಿಲ್ಲ. ಲಿನಕ್ಸ್‌ನ ಇನ್ನೊಂದು ಬಗೆಯಾದ ಡೆಬಿಯನ್‌ನಲ್ಲಿ, 2023ರಲ್ಲಿ ಬಂದ 12ನೇ ಆವೃತ್ತಿಯಿಂದ ಆ ಫರ್ಮ್‌ವೇರ್ ಅಧಿಕೃತ ಐಎಸ್‌ಒ (ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳುವ ಫೈಲು) ಒಳಗೇ ಇದೆ.

ಡ್ರೈವರ್ ಹಾಕಿದ ಮೇಲೂ ವೈಫೈ ಬಾರದಿದ್ದರೆ ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ವ್ಯವಸ್ಥೆ) ಮೇಲೆ ಅನುಮಾನಪಡಿ. ಅದು ಆನ್ ಇದ್ದರೆ ಹೊರಗಿನ ಡ್ರೈವರ್‌ಗೆ ಸಹಿ ಬೇಕು. ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ, ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಯಾವುದಾದರೂ ಕೀಲಿ ಒತ್ತಿ ಎಂದು ಕಾಯುವುದು ಬರೀ 10 ಸೆಕೆಂಡು. ಆ ಹೊತ್ತಿಗೆ ಚಹಾ ತರಲು ಎದ್ದು ಹೋದವರ ಕಥೆ ಮುಗಿಯಿತು: ಯಂತ್ರ ಏನೂ ಹೇಳದೆ ಶುರುವಾಗುತ್ತದೆ, ಡ್ರೈವರ್ ಮಾತ್ರ ಏಳುವುದಿಲ್ಲ. ಆ ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ (ಸಹಿಯ ಕೀಲಿ ನೋಂದಾಯಿಸುವ ಆಯ್ಕೆ) ಆರಿಸಿ, ಕಂಟಿನ್ಯೂ ಒತ್ತಿ, ಅದೇ ಪಾಸ್‌ವರ್ಡ್ ಕೊಡಬೇಕು. ತಪ್ಪಿಹೋಗಿದ್ದರೆ ಡ್ರೈವರ್ ತೆಗೆದು ಮತ್ತೆ ಹಾಕಿ.

ಇನ್ನು ಕೆಲವು ಯಂತ್ರಗಳಲ್ಲಿ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುವುದಿಲ್ಲ. ಡಿಸ್ಕ್ ಕೆಟ್ಟಿಲ್ಲ, ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್ಸ್) ಸ್ಟೋರೇಜ್ ‘ರೇಡ್’ ಅಥವಾ ಇಂಟೆಲ್ ಆರ್‌ಎಸ್‌ಟಿ ಎಂದಿರುತ್ತದೆ. ಅದನ್ನು ಡಿಸ್ಕ್ ಜೋಡಣೆಯ ಸಾಮಾನ್ಯ ವಿಧಾನವಾದ ಎಎಚ್‌ಸಿಐಗೆ ಬದಲಿಸಬೇಕು. ವಿಂಡೋಸ್ ಕೂಡ ಉಳಿಸಿಕೊಳ್ಳುವವರು ಇಲ್ಲಿ ಆತುರಪಟ್ಟರೆ ವಿಂಡೋಸ್ ಏಳದೆ ಕೂರುತ್ತದೆ. ಮೊದಲು ಅದನ್ನು ಸೇಫ್ ಮೋಡ್‌ನಲ್ಲಿ ಶುರುವಾಗುವಂತೆ ಇಟ್ಟು, ಬಯಾಸ್ ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ತೆರೆದು, ಆಮೇಲೆ ಮಾಮೂಲಿಗೆ ತನ್ನಿ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ 48 ಅಂಕಿಗಳ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟುಕೊಳ್ಳದೆ ಬಯಾಸ್ ಮುಟ್ಟಲೇಬೇಡಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ (ಬೇಗ ಏಳಲೆಂದು ಪೂರ್ತಿ ಆಫ್ ಆಗದಿರುವ ವ್ಯವಸ್ಥೆ) ಅನ್ನೂ ಆಫ್ ಮಾಡಿ. ಇಲ್ಲದಿದ್ದರೆ ಅದರ ಡ್ರೈವ್‌ನಲ್ಲಿರುವ ಫೈಲುಗಳನ್ನು ಲಿನಕ್ಸ್‌ನಿಂದ ಓದಬಹುದೇ ಹೊರತು ಬರೆಯಲು ಬಿಡುವುದಿಲ್ಲ.

ಯಾವ ಲಿನಕ್ಸ್ ಹಗುರ ಎಂಬ ಜಗಳಕ್ಕೆ ಕೊನೆಯಿಲ್ಲ, ನನ್ನ ಮಟ್ಟಿಗೆ ಅದರಿಂದ ಹೆಚ್ಚು ಲಾಭವೂ ಇಲ್ಲ. ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಉಳಿಸಿಕೊಟ್ಟ ಕೆಲವು ನೂರು ಎಂಬಿ ರ‍್ಯಾಮನ್ನು ಬ್ರೌಸರ್‌ನ ನಾಲ್ಕೈದು ಟ್ಯಾಬ್ ನುಂಗಿ ನೀರು ಕುಡಿಯುತ್ತವೆ. ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಅದನ್ನು ತೆಗೆದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿ. ಯಾವ ಡೆಸ್ಕ್‌ಟಾಪ್ ಬದಲಿಸಿದರೂ ಸಿಗದ ವೇಗ ಅದರಲ್ಲಿ ಸಿಗುತ್ತದೆ. ರ‍್ಯಾಮ್ 4 ಜಿಬಿ ಇದ್ದು ಮದರ್‌ಬೋರ್ಡ್‌ಗೇ ಬೆಸುಗೆಯಾಗಿದ್ದರೆ ಝಡ್‌ರ‍್ಯಾಮ್ ಹಾಕಿಕೊಳ್ಳಿ. ಅದು ಸದ್ಯಕ್ಕೆ ಬೇಡದ ಮಾಹಿತಿಯನ್ನು ಡಿಸ್ಕ್‌ಗೆ ತಳ್ಳುವ ಬದಲು ರ‍್ಯಾಮ್‌ನಲ್ಲೇ ಒತ್ತಿ ಮಡಚಿಡುತ್ತದೆ. 2 ಜಿಬಿ ಯಂತ್ರದಲ್ಲಿ ವಿಡಿಯೊ ಕರೆ, ಹತ್ತು ಟ್ಯಾಬ್ ಎಂದೆಲ್ಲ ಆಸೆ ಹುಟ್ಟಿಸುವುದು ಮೋಸ.

ಇವುಗಳಲ್ಲಿ ಬಹುಪಾಲು ಡಿಸ್ಕ್ ಅಳಿಸುವ ಮೊದಲೇ ಗೊತ್ತಾಗುವಂಥವು. ಐಎಸ್‌ಒದ ಚೆಕ್‌ಸಮ್ (ಫೈಲು ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ ಸಂಕೇತ) ತಾಳೆ ನೋಡಿ, 8 ಜಿಬಿ ಪೆನ್‌ಡ್ರೈವ್‌ಗೆ ರುಫಸ್ ಎಂಬ ತಂತ್ರಾಂಶದಿಂದ ಬರೆದು (ಸುಮ್ಮನೆ ಕಾಪಿ ಮಾಡಿದರೆ ಬೂಟ್ ಆಗದು), ಇನ್‌ಸ್ಟಾಲ್ ಮಾಡದೆ ಅದರಿಂದಲೇ ಒಂದು ಗಂಟೆ ಬಳಸಿ ನೋಡಬೇಕು. ವೈಫೈ, ಸ್ಪೀಕರ್, ಕ್ಯಾಮೆರಾ, ಪ್ರಿಂಟರ್ ಒಂದೊಂದಾಗಿ ಪರೀಕ್ಷಿಸಿ. ಮುಚ್ಚಳ ಹಾಕಿ ತೆಗೆದಾಗ ಯಂತ್ರ ಎಚ್ಚರಗೊಳ್ಳುತ್ತದೆಯೇ ನೋಡಿ. ಪೆನ್‌ಡ್ರೈವ್‌ನಿಂದ ಓಡುವಾಗ ನಿಧಾನವಾಗುವುದು ಸಹಜ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮುಂದಿನ ಸಲ ಲಿನಕ್ಸ್ ಬಗ್ಗೆ ಲೇಖನ ಅಚ್ಚಾಗುವಾಗ ಈ ಒಂದು ಗಂಟೆಯ ಪರೀಕ್ಷೆಗೆ ನಾಲ್ಕು ಸಾಲು ಜಾಗ ಮಾಡಿಕೊಡಬೇಕೆಂದು ಕೋರಿಕೆ.

– ಒಬ್ಬ ಓದುಗ