ಅಂತರ ಕಾಯಬೇಕಾದರೆ ಹೊತ್ತನ್ನೂ ಜಾಗವನ್ನೂ ಹಂಚಬೇಕು

ಮಾನ್ಯ ಸಂಪಾದಕರೇ,

ಕೊರೊನಾ ಸೋಂಕು ಹರಡದಂತೆ ತಡೆಯಲು ಮಾರ್ಚ್ 25ರ ಯುಗಾದಿಯಂದು ಆರಂಭವಾದ 21 ದಿನಗಳ ಲಾಕ್‌ಡೌನ್ ಅರ್ಧಕ್ಕಿಂತ ಹೆಚ್ಚು ಕಳೆದಿದೆ. ಈ ಅವಧಿಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿರುವ ದೂರೆಂದರೆ, ಹಳ್ಳಿಯ ಜನರಿಗೆ ಶಿಸ್ತಿಲ್ಲ, ಎಷ್ಟು ಹೇಳಿದರೂ ಗುಂಪು ಸೇರುತ್ತಾರೆ ಎಂಬುದು. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರಲ್ಲಿ ರೇಷ್ಮೆ ಬೆಳೆದು, ಡೇರಿಗೆ ಹಾಲು ಹಾಕಿ ಜೀವನ ನಡೆಸುವ ನನಗೆ ಈ ದೂರು ಸರಿಯೆನಿಸುವುದಿಲ್ಲ. ನಮ್ಮ ಜನ ಗುಂಪು ಸೇರುತ್ತಿರುವುದು ಹೆಚ್ಚಾಗಿ ಹಾಲಿಗೆ, ಪಡಿತರಕ್ಕೆ, ಬ್ಯಾಂಕಿನ ಹಣಕ್ಕೆ, ರೇಷ್ಮೆ ಗೂಡಿನ ಮಾರಾಟಕ್ಕೆ. ಇವೆಲ್ಲಕ್ಕೂ ಎಲ್ಲರೂ ಒಂದೇ ಹೊತ್ತಿಗೆ ಒಂದೇ ಬಾಗಿಲಿಗೆ ಬರುವಂತೆ ಏರ್ಪಾಡು ಮಾಡಿಟ್ಟು, ಬಂದ ಮೇಲೆ ದೂರ ನಿಲ್ಲಿ ಎಂದು ಗದರಿಸಿದರೆ ಯಾರಿಂದಲೂ ಅದು ಸಾಧ್ಯವಾಗದು.

ಶಿಸ್ತಿನ ವಿಚಾರವನ್ನೇ ಮೊದಲು ಹೇಳುತ್ತೇನೆ. ರೇಷ್ಮೆ ಬೆಳೆಯುವ ಯಾವುದೇ ಮನೆಯ ಹುಳು ಮನೆಗೆ ಹೋಗಿ ನೋಡಿ. ಬೆಳೆ ಇಡುವ ಮುನ್ನ ಗೋಡೆ, ನೆಲ, ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನೆಲ್ಲ ತೊಳೆದು ಬ್ಲೀಚಿಂಗ್ ಪುಡಿಯ ನೀರು ಸಿಂಪಡಿಸುತ್ತೇವೆ. ಬಾಗಿಲಲ್ಲಿ ಸುಣ್ಣದ ಪುಡಿ ಹರಡುತ್ತೇವೆ. ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದುಕೊಂಡೇ ಹಿಪ್ಪುನೇರಳೆ ಸೊಪ್ಪು ಹಾಕಲು ಒಳಗೆ ಹೋಗುತ್ತೇವೆ. ಹೊರಗಿನವರನ್ನು, ಅವರು ಎಷ್ಟೇ ಹತ್ತಿರದ ನೆಂಟರಾಗಿದ್ದರೂ, ಒಳಗೆ ಬಿಡುವುದಿಲ್ಲ, ಅದಕ್ಕೆ ಯಾರೂ ಬೇಸರಪಟ್ಟುಕೊಳ್ಳುವುದೂ ಇಲ್ಲ. ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು, ಗಂಟು ರೋಗ ಎಂದು ಹುಳುವಿನ ರೋಗಗಳ ಹೆಸರು ಹೇಳುವಾಗಲೇ ನಮ್ಮ ಎದೆ ನಡುಗುತ್ತದೆ. ರೋಗ ತಗುಲಿದ ಹುಳುವನ್ನು ಕಂಡ ಕೂಡಲೇ ಆರಿಸಿ ತೆಗೆಯದಿದ್ದರೆ ಇಡೀ ಬೆಳೆ ಕೈತಪ್ಪುತ್ತದೆ ಎಂಬುದು ಇಲ್ಲಿನ ಶಾಲಾ ಮಕ್ಕಳಿಗೂ ಗೊತ್ತು. ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ 1865ರಿಂದ ಕೆಲವು ವರ್ಷ ಈ ಗಂಟು ರೋಗದ ಬೆನ್ನುಹತ್ತಿ, ಅದು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆಂದು ತೋರಿಸಿಕೊಟ್ಟರು. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿದ್ದರೆ ಆ ಮೊಟ್ಟೆಯನ್ನು ನಾಶಪಡಿಸುವ ಪದ್ಧತಿ ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಿ ಇಂದಿಗೂ ಇದೆ. ಕಣ್ಣಿಗೆ ಕಾಣದ ಜೀವಿಯೊಂದು ಒಬ್ಬರಿಂದ ಒಬ್ಬರಿಗೆ ದಾಟುತ್ತದೆ, ತೊಳೆಯುವುದರಿಂದಲೂ ದೂರವಿರುವುದರಿಂದಲೂ ಅದನ್ನು ತಡೆಯಬಹುದು ಎಂಬ ವಿಷಯ ಈ ಸೀಮೆಯವರಿಗೆ ಹೊಸದಲ್ಲ. ಹುಳುವಿಗೆ ಮಾಡುವುದನ್ನು ಮನುಷ್ಯರಿಗೂ ಮಾಡೋಣ ಎಂದು ಆಶಾ ಕಾರ್ಯಕರ್ತೆಯೊಬ್ಬರು ನಮ್ಮ ಬೀದಿಯಲ್ಲಿ ಹೇಳಿದಾಗ, ಕರಪತ್ರ ಓದದವರಿಗೂ ಅದು ಥಟ್ಟನೆ ಅರ್ಥವಾಯಿತು.

ಅರ್ಥವಾದದ್ದನ್ನು ನಡೆಸಲು ಅನುಕೂಲ ಬೇಕು. ಹಾಲಿನ ಡೇರಿಯನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಊರಿನ ಅರ್ಧ ಮನೆಗಳವರು ಕ್ಯಾನು ಹಿಡಿದು ಅಲ್ಲಿ ಸೇರುತ್ತಾರೆ. ಹಾಲಿನ ಗಾಡಿ ಬರುವ ಹೊತ್ತು ನಿಗದಿಯಾಗಿರುವುದರಿಂದ ಎಲ್ಲರಿಗೂ ಅವಸರ. ನೆಲದ ಮೇಲೆ ಸುಣ್ಣದಲ್ಲಿ ವೃತ್ತ ಬರೆದಿರುವುದು ಒಳ್ಳೆಯದೇ. ಆದರೆ ಹದಿನೈದು ವೃತ್ತ ಬರೆಯುವಷ್ಟೇ ಜಾಗವಿರುವಲ್ಲಿ ನೂರು ಜನ ಬಂದರೆ ಉಳಿದವರು ಎಲ್ಲಿ ನಿಲ್ಲಬೇಕು? ಹಾಲು ತಂಪು ಮಾಡುವ ಘಟಕವಿರುವ ಊರುಗಳಲ್ಲಿ ಹಾಲು ಗಾಡಿಗಾಗಿ ಕಾಯಬೇಕಾಗಿಲ್ಲ, ಅಲ್ಲಿ ಅಳತೆಯ ಅವಧಿಯನ್ನು ಒಂದು ಗಂಟೆ ಹೆಚ್ಚಿಸಿ ಬೀದಿಗೊಂದು ಸರದಿ ಕೊಡಬಹುದು. ಘಟಕವಿಲ್ಲದ ಊರುಗಳಲ್ಲಿ ಶಾಲೆಯ ಅಂಗಳದಲ್ಲಿ ಎರಡನೆಯ ತಕ್ಕಡಿ ಇಟ್ಟರೆ ಸಾಲು ಅರ್ಧಕ್ಕಿಳಿಯುತ್ತದೆ. ಮನೆಗೊಬ್ಬರೇ ಬರಬೇಕು, ಅರವತ್ತು ದಾಟಿದವರನ್ನೂ ಮಕ್ಕಳನ್ನೂ ಕಳಿಸಬಾರದು ಎಂಬ ನಿಯಮವನ್ನು ಹಾಲು ಉತ್ಪಾದಕರ ಸಂಘದ ಆಡಳಿತ ಮಂಡಳಿಯೇ ಮಾಡಿದರೆ ಜನ ಪಾಲಿಸುತ್ತಾರೆ. ಏಕೆಂದರೆ ಸಂಘದ ಮಾತಿಗೆ ನಮ್ಮ ಊರುಗಳಲ್ಲಿ ಪೊಲೀಸರ ಲಾಠಿಗಿಂತ ಹೆಚ್ಚು ಬೆಲೆಯಿದೆ.

ದಿನಸಿ ಮತ್ತು ತರಕಾರಿ ಅಂಗಡಿಗಳ ವಿಷಯವೂ ಹೀಗೆಯೇ. ತೆರೆದಿರುವ ಗಂಟೆಗಳನ್ನು ಕಡಿಮೆ ಮಾಡಿದಷ್ಟೂ ಆ ಗಂಟೆಗಳಲ್ಲಿ ನೂಕುನುಗ್ಗಲು ಹೆಚ್ಚುತ್ತದೆ. ದಿನವಿಡೀ ತೆರೆದಿಟ್ಟು, ಸಂತೆಯನ್ನು ಬಯಲಿಗೆ ಸ್ಥಳಾಂತರಿಸಿ, ಗಾಡಿಯಲ್ಲಿ ತರಕಾರಿ ಮಾರುವವರಿಗೆ ಬಡಾವಣೆ ಹಂಚಿಕೊಟ್ಟರೆ ಜನ ತಾವಾಗಿಯೇ ಚದುರುತ್ತಾರೆ.

ಹೊತ್ತು ಹಂಚುವುದು ಆಗದ ಕೆಲಸವೇನಲ್ಲ ಎಂಬುದಕ್ಕೆ ಈ ವಾರವೇ ಒಂದು ಉದಾಹರಣೆ ಕಣ್ಣ ಮುಂದಿದೆ. ಮಹಿಳೆಯರ ಜನಧನ ಖಾತೆಗೆ ಏಪ್ರಿಲ್‌ನಿಂದ ಮೂರು ತಿಂಗಳು ತಲಾ 500 ರೂಪಾಯಿ ಹಾಕುವ ಕೇಂದ್ರ ಸರ್ಕಾರ, ಖಾತೆ ಸಂಖ್ಯೆಯ ಕೊನೆಯ ಅಂಕಿಗೆ ಅನುಗುಣವಾಗಿ ದಿನ ಗೊತ್ತುಮಾಡಿತು: 0 ಮತ್ತು 1ಕ್ಕೆ ಏಪ್ರಿಲ್ 3, 2 ಮತ್ತು 3ಕ್ಕೆ ಏಪ್ರಿಲ್ 4, 4 ಮತ್ತು 5ಕ್ಕೆ ಏಪ್ರಿಲ್ 7, 6 ಮತ್ತು 7ಕ್ಕೆ ಏಪ್ರಿಲ್ 8, 8 ಮತ್ತು 9ಕ್ಕೆ ಏಪ್ರಿಲ್ 9. ಇಷ್ಟು ಸರಳವಾದ, ಇಷ್ಟು ನ್ಯಾಯವಾದ ಏರ್ಪಾಡಿದ್ದರೂ ಬ್ಯಾಂಕುಗಳ ಮುಂದೆ ಬಿಸಿಲಿನಲ್ಲಿ ಹೆಂಗಸರು ಒತ್ತೊತ್ತಾಗಿ ನಿಂತಿರುವುದನ್ನು ಕಂಡು ನನಗೆ ಸಂಕಟವಾಯಿತು. ಕಾರಣ ವಿಚಾರಿಸಿದರೆ, ಕೂಡಲೇ ತೆಗೆಯದಿದ್ದರೆ ಹಣ ವಾಪಸ್ಸು ಹೋಗುತ್ತದೆ ಎಂಬ ವದಂತಿ. ಹಣ ಎಲ್ಲಿಗೂ ಹೋಗುವುದಿಲ್ಲ, ಏಪ್ರಿಲ್ 9ರ ನಂತರ ಯಾವ ದಿನ ಬೇಕಾದರೂ ತೆಗೆಯಬಹುದು ಎಂಬುದನ್ನು ಯಾರೂ ಅವರ ಬೀದಿಗೆ ಬಂದು ಹೇಳಿರಲಿಲ್ಲ. ಮೇ ಮತ್ತು ಜೂನ್ ತಿಂಗಳ ಕಂತಿನ ವೇಳೆಗಾದರೂ ಸ್ತ್ರೀಶಕ್ತಿ ಸಂಘಗಳ ಪ್ರತಿನಿಧಿಗಳು ಮನೆಮನೆಗೆ ಹೋಗಿ ಪಾಸ್‌ಬುಕ್ ನೋಡಿ, "ಅಕ್ಕಾ, ನಿನ್ನದು ಆರರ ಅಂಕಿ, ಇಂಥ ದಿನ ಹೋಗು, ಅಲ್ಲಿಯವರೆಗೆ ಹೋಗಬೇಡ" ಎಂದು ತಿಳಿಸುವಂತಾದರೆ ಬ್ಯಾಂಕಿನವರಿಗೂ ಪೊಲೀಸರಿಗೂ ಅರ್ಧ ಕೆಲಸ ಉಳಿಯುತ್ತದೆ.

ಗೂಡಿನ ಮಾರುಕಟ್ಟೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ರೇಷ್ಮೆ ಕಾಣದ ಊರಿನವರಿಗೆ ಇದರ ತುರ್ತು ತಿಳಿದಿರುವುದಿಲ್ಲ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ, ಹುಳುವನ್ನು ಚಂದ್ರಿಕೆಗೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಅದು ಗೂಡು ಕಟ್ಟಿ ಮುಗಿಸುತ್ತದೆ. ಹತ್ತು ಹನ್ನೆರಡು ದಿನ ಕಳೆಯುವಷ್ಟರಲ್ಲಿ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ತೂತಾದ ಗೂಡಿನಿಂದ ಎಳೆ ಬಿಚ್ಚಲು ಬರುವುದಿಲ್ಲ. ಬಟ್ಟೆ ಅಂಗಡಿಯನ್ನು ತಿಂಗಳು ಮುಚ್ಚಿದರೆ ಬಟ್ಟೆ ಹಾಗೆಯೇ ಇರುತ್ತದೆ, ಗೂಡು ಹಾಗಿರುವುದಿಲ್ಲ. ಸಾಲ ಮಾಡಿ ಸೊಪ್ಪು ಕೊಂಡು ಬೆಳೆ ತೆಗೆದವರ ಇಡೀ ಶ್ರಮ ಈ ಕೆಲವೇ ದಿನಗಳ ಮೇಲೆ ನಿಂತಿದೆ. ಆದ್ದರಿಂದ ಮಾರುಕಟ್ಟೆ ನಡೆಯಲೇಬೇಕು. ಆದರೆ ಹಿಂದಿನಂತೆ ನಡೆಯಕೂಡದು. ರೈತರು ಹರಾಜು ಮುಗಿಯುವವರೆಗೆ ತಮ್ಮ ಗೂಡಿನ ಪಕ್ಕದಲ್ಲೇ ನಿಲ್ಲುವುದು, ಗೂಡು ಕೊಂಡು ನೂಲು ಬಿಚ್ಚುವ ರೀಲರ್‌ಗಳು ಒಬ್ಬರ ಹಿಂದೊಬ್ಬರು ಬಂದು ಅದೇ ಗೂಡಿನ ರಾಶಿಗೆ ಕೈಹಾಕಿ ಹಿಡಿದು, ಅಲುಗಿಸಿ ನೋಡುವುದು ಇಲ್ಲಿನ ರೂಢಿ. ನೋಡದೆ ಬೆಲೆ ಕಟ್ಟಿ ಎಂದು ಹೇಳಲಾಗದು. ಪ್ರತಿ ಸಾಲಿನ ತುದಿಯಲ್ಲಿ ಸೋಪು ನೀರು ಇಡಬಹುದು, ಪ್ರತಿ ರಾಶಿಯಿಂದ ಒಂದು ಹಿಡಿ ಗೂಡನ್ನು ಬೇರೆ ತಟ್ಟೆಯಲ್ಲಿ ತೆಗೆದಿಟ್ಟು ಅದನ್ನಷ್ಟೇ ನೋಡುವಂತೆ ಮಾಡಬಹುದು. ಜಂಗಮಕೋಟೆ ಕಡೆಯವರಿಗೆ ಒಂದು ದಿನ, ಸಾದಲಿ, ಬಶೆಟ್ಟಿಹಳ್ಳಿ ಕಡೆಯವರಿಗೆ ಮತ್ತೊಂದು ದಿನ, ಹೊರ ತಾಲ್ಲೂಕಿನವರಿಗೆ ಬೇರೊಂದು ದಿನ ಎಂದು ಮುಂಚಿತವಾಗಿ ಪ್ರಕಟಿಸಿದರೆ ರೈತರು ಗೂಡು ಬಿಡಿಸುವ ದಿನವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ಗೂಡು ಸುರಿದ ರೈತ ಹೊರಗೆ ಮರದ ನೆರಳಿನಲ್ಲಿ ಕುಳಿತು, ಹರಾಜಾದ ಬೆಲೆಯನ್ನು ಮೊಬೈಲಿನಲ್ಲಿ ತಿಳಿದು ಒಪ್ಪಿಗೆ ಕೊಡುವುದು ಇ-ಹರಾಜಿನ ಕಾಲದಲ್ಲಿ ಕಷ್ಟವಾಗಬಾರದು.

ಇಲ್ಲಿಯೇ ಇನ್ನೊಂದು ಮಾತು. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಾಣಿಕೆ ಮಾಡುವ ಮನೆಗಳಲ್ಲಿ ಹೆಚ್ಚಿನವು ಮುಸ್ಲಿಮರವು. ಈಚಿನ ಕೆಲವು ದಿನಗಳಿಂದ ಸೋಂಕು ಹರಡುತ್ತಿರುವುದು ಅವರಿಂದಲೇ ಎಂದು ಮೊಬೈಲುಗಳಲ್ಲಿ ಹರಿದಾಡುತ್ತಿರುವ ಸಂದೇಶಗಳನ್ನು ನಂಬಿ, ಅವರೊಂದಿಗೆ ವಹಿವಾಟು ಬೇಡ ಎಂದು ಆಡುವವರ ಮಾತು ನನ್ನ ಕಿವಿಗೂ ಬಿದ್ದಿದೆ. ನಮ್ಮ ಗೂಡಿಗೆ ತಲೆತಲಾಂತರದಿಂದ ಬೆಲೆ ಕಟ್ಟಿ ಕೊಂಡವರು ಅವರು, ಅವರ ಒಲೆ ಉರಿದಿರುವುದು ನಮ್ಮ ಗೂಡಿನಿಂದ. ಕೈ ತೊಳೆಯಿರಿ, ಮಾಸ್ಕ್ ಹಾಕಿ ಎಂದು ಇಬ್ಬರಿಗೂ ಒಂದೇ ದನಿಯಲ್ಲಿ ಹೇಳಬೇಕೇ ಹೊರತು, ಒಬ್ಬರನ್ನು ದೂರವಿಟ್ಟರೆ ಸೋಂಕು ದೂರವಾಯಿತೆಂದು ಭಾವಿಸುವುದು ಅನ್ಯಾಯವೂ ಹೌದು, ಅಪಾಯವೂ ಹೌದು. ಹಾಗೆ ಭಾವಿಸಿದವರು ತಮ್ಮವರ ನಡುವೆ ಎಚ್ಚರ ತಪ್ಪುತ್ತಾರೆ.

ಏರ್ಪಾಡಿನಿಂದ ಮಾತ್ರ ಬದಲಾಗದ ರೂಢಿಗಳೂ ಇವೆ. ಅವುಗಳಲ್ಲಿ ಬಹಳ ಕಷ್ಟವಾದದ್ದು ಸಾವಿನ ಮನೆಗೆ ಹೋಗದಿರುವುದು. ಮದುವೆಗೆ ಹೋಗದಿದ್ದರೆ ಒಂದು ವರ್ಷ ಮುನಿಸು, ಮಣ್ಣಿಗೆ ಹೋಗದಿದ್ದರೆ ನಂಟೇ ಕಡಿದು ಹೋಯಿತು ಎಂಬಂತೆ ನಮ್ಮಲ್ಲಿ ನಡೆದುಬಂದಿದೆ. ಅಂತ್ಯಸಂಸ್ಕಾರಕ್ಕೆ 20 ಜನರಿಗಿಂತ ಹೆಚ್ಚು ಸೇರಬಾರದೆಂದು ಆದೇಶವಿದ್ದರೂ ಸುದ್ದಿ ಕೇಳಿದವರು ಬೈಕು ಹತ್ತಿ ಹೊರಡುತ್ತಿರುವುದು ಕಾನೂನಿನ ಮೇಲಿನ ಅಸಡ್ಡೆಯಿಂದಲ್ಲ. ನಾಳೆ ಯಾವ ಮುಖ ಹೊತ್ತು ಅವರ ಮುಂದೆ ನಿಲ್ಲಲಿ ಎಂಬ ಅಳುಕಿನಿಂದ. ತಬ್ಬಿಕೊಂಡು ಅಳುವುದು, ಹೆಣದ ಸುತ್ತ ರಾತ್ರಿಯಿಡೀ ಕುಳಿತಿರುವುದು, ಮಣ್ಣು ಮಾಡಿ ಬಂದು ಒಂದೇ ತೊಟ್ಟಿಯ ನೀರಿನಲ್ಲಿ ಕಾಲು ತೊಳೆಯುವುದು, ಇವೆಲ್ಲ ಸೋಂಕಿಗೆ ನೇರ ದಾರಿ. ಈ ಅಳುಕನ್ನು ತೆಗೆಯುವ ಶಕ್ತಿ ಸಾವಾದ ಮನೆಯವರಿಗೆ ಮಾತ್ರ ಇದೆ ಎಂದು ನನಗನಿಸುತ್ತದೆ. ಸುದ್ದಿ ಹೇಳಿಕಳಿಸುವಾಗಲೇ, "ನೀವು ಬರಬೇಡಿ, ಬಾರದಿದ್ದರೆ ನಮಗೆ ಬೇಸರವಿಲ್ಲ, ತಿಥಿಯನ್ನು ಎಲ್ಲ ತಿಳಿಯಾದ ಮೇಲೆ ಎಲ್ಲರನ್ನೂ ಕರೆದು ಮಾಡುತ್ತೇವೆ" ಎಂದು ಮನೆಯ ಹಿರಿಯರೇ ಬಾಯಿ ಬಿಟ್ಟು ಹೇಳಬೇಕು. ಹೋಗುವವನ ಮನಸ್ಸಿಗೆ ಬಿಟ್ಟರೆ ಅವನು ಹೋಗಿಯೇ ಹೋಗುತ್ತಾನೆ. ಲಗ್ನದ ದಿನಗಳು ಹತ್ತಿರವಿರುವುದರಿಂದ ಹೆಣ್ಣಿನ ಕಡೆಯವರ ಮೇಲೂ ಒತ್ತಡವಿದೆ. ದಿನ ಮುಂದೆ ಹಾಕಿದರೆ ಗಂಡಿನ ಕಡೆಯವರು ಏನೆಂದುಕೊಳ್ಳುತ್ತಾರೋ ಎಂಬ ಚಿಂತೆ. ಇಲ್ಲಿಯೂ ಮೊದಲ ಮಾತು ಗಂಡಿನ ಮನೆಯವರಿಂದಲೇ ಬರಬೇಕು.

ಹೊರ ಊರುಗಳಿಂದ ಹಿಂದಿರುಗಿದವರನ್ನು ನಡೆಸಿಕೊಳ್ಳುತ್ತಿರುವ ರೀತಿಯೂ ನನ್ನನ್ನು ಕಾಡುತ್ತಿದೆ. ಗೌರಿಬಿದನೂರಿನಲ್ಲಿ ಮಾರ್ಚ್ ತಿಂಗಳಲ್ಲೇ ಸೋಂಕು ಪತ್ತೆಯಾದ ಮೇಲೆ ಜಿಲ್ಲೆಯ ಜನರಲ್ಲಿ ಭಯ ಮೂಡಿರುವುದು ಸಹಜ. ಊರ ದಾರಿಗೆ ಮುಳ್ಳಿನ ಗಿಡ ಎಳೆದು ಹಾಕುವುದು ಆ ಭಯದ ಫಲ. ಆದರೆ ಅದೇ ದಾರಿಯಲ್ಲಿ 108 ಆಂಬುಲೆನ್ಸ್ ಬರಬೇಕು, ಹೆರಿಗೆಗೆ ಹೆಂಗಸರು ಹೋಗಬೇಕು. ಬೆಂಗಳೂರಿನ ಕಟ್ಟಡದ ಕೆಲಸ ನಿಂತು ಬುತ್ತಿಯಿಲ್ಲದೆ ನಡೆದು ಬಂದವರು ನಮ್ಮ ಊರಿನ ಮಕ್ಕಳೇ. ಕೈ ಮೇಲೆ ಮುದ್ರೆ ಒತ್ತಿಸಿಕೊಂಡು 14 ದಿನ ಮನೆಯಲ್ಲೇ ಇರುವವರು ಊರಿಗೆ ಉಪಕಾರ ಮಾಡುತ್ತಿದ್ದಾರೆ ಎಂದು ನೋಡುವ ಬದಲು, ಅವರ ಮನೆಗೆ ನೀರು ಬಿಡಬಾರದು, ಹಾಲು ಹಾಕಿಸಿಕೊಳ್ಳಬಾರದು ಎನ್ನುವುದು ಯಾವ ಧರ್ಮ? ಮಗುವಿಗೆ ಅಮ್ಮ ಎದ್ದಾಗ ನಾವು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತೇವೆ. ಅದನ್ನು ಕಂಡವರು ಒಳಗೆ ಕಾಲಿಡುವುದಿಲ್ಲ, ಆದರೆ ಆ ಮನೆಯವರನ್ನು ಯಾರೂ ಹಳಿಯುವುದಿಲ್ಲ. ಬೇಕಾದದ್ದನ್ನು ಹೊಸ್ತಿಲ ಆಚೆ ಇಟ್ಟು ಕೂಗಿ ಹೇಳಿ ಹೋಗುತ್ತಾರೆ. ಅಷ್ಟೇ ಗೌರವದಿಂದ ಈ ಮನೆಗಳನ್ನೂ ನಡೆಸಿಕೊಳ್ಳಬೇಕು. ಇಲ್ಲದಿದ್ದರೆ ನಾಳೆ ಜ್ವರ, ಕೆಮ್ಮು ಬಂದವರು ಹೆದರಿ ಬಚ್ಚಿಡುತ್ತಾರೆ, ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಗೆ ಸುಳ್ಳು ಹೇಳುತ್ತಾರೆ, ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡುವುದೂ ಇಲ್ಲ.

ನೀರಿನ ಬರವಿರುವ ನಮ್ಮ ಜಿಲ್ಲೆಯಲ್ಲಿ ಪದೇ ಪದೇ ಕೈ ತೊಳೆಯುವುದು ಹೇಗೆ ಎಂದು ಕೇಳುವವರಿದ್ದಾರೆ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜುವಾಗ ನಲ್ಲಿ ತೆರೆದಿರಬೇಕಾಗಿಲ್ಲ, ಒಂದು ಚೊಂಬು ನೀರು ಸಾಕು. ವೈರಾಣುವಿನ ಹೊರಗಿನ ಜಿಡ್ಡಿನ ಪದರವನ್ನು ಸಾಮಾನ್ಯ ಸೋಪೇ ಒಡೆಯುತ್ತದೆ, ದುಬಾರಿ ಸ್ಯಾನಿಟೈಸರ್ ಇಲ್ಲವೆಂದು ಕೊರಗಬೇಕಾಗಿಲ್ಲ. ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಎಲ್ಲರೂ ಒತ್ತುವುದು ಒಂದೇ ಗುಂಡಿ. ಅಲ್ಲಿ ಒಂದು ತುಂಡು ಸೋಪು, ಒಂದು ಬಕೆಟ್ ನೀರು ಇಡುವುದು ಪಂಚಾಯಿತಿಗೆ ಭಾರವಾಗದು. ಮನೆಯಲ್ಲೇ ಹೊಲಿದ ಬಟ್ಟೆಯ ಮಾಸ್ಕ್ ಧರಿಸಲು ಕೇಂದ್ರ ಆರೋಗ್ಯ ಸಚಿವಾಲಯವೂ ಈಗ ಸಲಹೆ ನೀಡಿದೆ. ಹೊಲಿಗೆ ಯಂತ್ರವಿರುವ ಸ್ತ್ರೀಶಕ್ತಿ ಸಂಘಗಳಿಗೆ ಈ ಕೆಲಸ ವಹಿಸಿದರೆ ಕೂಲಿಯಿಲ್ಲದೆ ಕುಳಿತಿರುವ ಮನೆಗಳಿಗೆ ನಾಲ್ಕು ಕಾಸು ಸಿಗುತ್ತದೆ.

ಲಾಕ್‌ಡೌನ್ ಏಪ್ರಿಲ್ 14ಕ್ಕೆ ಮುಗಿಯಲಿ, ಮುಂದುವರಿಯಲಿ, ಹಾಲು, ಪಡಿತರ, ಗೂಡು ಯಾವುದೂ ನಿಲ್ಲುವುದಿಲ್ಲ. ಆದ್ದರಿಂದ ಜಿಲ್ಲಾಡಳಿತವು ರೇಷ್ಮೆ ಇಲಾಖೆ, ಹಾಲು ಒಕ್ಕೂಟ, ಬ್ಯಾಂಕುಗಳು ಮತ್ತು ಗ್ರಾಮ ಪಂಚಾಯಿತಿಗಳೊಡನೆ ಕುಳಿತು ಯಾವ ಊರಿಗೆ ಯಾವ ದಿನ, ಯಾವ ಬೀದಿಗೆ ಯಾವ ಹೊತ್ತು ಎಂಬ ಪಟ್ಟಿಯನ್ನು ಈ ವಾರದೊಳಗೆ ಸಿದ್ಧಪಡಿಸಬೇಕೆಂದು ಕೋರುತ್ತೇನೆ. ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆ ಪಟ್ಟಿಯನ್ನು ಪ್ರತಿದಿನ ದೊಡ್ಡ ಅಕ್ಷರಗಳಲ್ಲಿ ಪ್ರಕಟಿಸಿದರೆ ಡೇರಿಯ ಗೋಡೆಗೆ ಅಂಟಿಸುವ ಹೊಣೆಯನ್ನು ನಮ್ಮಂಥ ಓದುಗರು ಹೊರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ರೇಷ್ಮೆ ಬೆಳೆಗಾರ್ತಿ
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ
ಏಪ್ರಿಲ್ 8, 2020